ಸೊಟ್ಟ ಮಟ್ಟು, ಎತ್ತಿದ ಕಾಲು

ಅನುಮಾನವೇ ಹೊಟ್ಟೆಪಾಡಾದ ಮನುಷ್ಯ ದತ್ತಾತ್ರೇಯ. ವಲಸೆ ಬಂದ ಪರದೇಶದ ಊರಿನ ಹಾರ್ನ್‌ಬಿ ಬಡಾವಣೆಯ ಗೋದಾಮುಗಳಲ್ಲಿ ಲಾರಿ ತೂಗುವ ಯಂತ್ರಗಳು ಸರಿಯಾಗಿ ತೂಗುತ್ತಿವೆಯೇ ಎಂದು ಪರೀಕ್ಷಿಸುವುದು ಅವನ ಕೆಲಸ. ಹದಿಮೂರು ವರ್ಷ ಯಂತ್ರಗಳನ್ನು ನಂಬದೆ ನಂಬದೆ, ಮನುಷ್ಯರನ್ನು ನಂಬದಿರುವುದೂ ರೂಢಿಯಾಗಿಬಿಟ್ಟಿತ್ತು. ಪಕ್ಕದ ಮನೆಯವರು ಪ್ಲಮ್ ಹಣ್ಣು ಕೊಟ್ಟರೆ ಯಾಕೆ ಕೊಟ್ಟರೆಂದು ಮೂರು ದಿನ ಯೋಚಿಸಿ, ಹಣ್ಣು ಕೊಳೆತ ಮೇಲೆಯೇ ಸಮಾಧಾನಪಡುತ್ತಿದ್ದ.

ಹಿಂದಿನ ಕೋಣೆಯ ಬಾಡಿಗೆದಾರ ಊರು ಬಿಡುವಾಗ 'ನೀವೇ ಇಟ್ಟುಕೊಳ್ಳಿ' ಎಂದು ಚೀಟಿ ಬರೆದು ಬ್ಯಾಂಜೊ ಎಂಬ ತಂತಿವಾದ್ಯವೊಂದನ್ನು ಬಿಟ್ಟುಹೋಗಿದ್ದ. ದತ್ತಾತ್ರೇಯ ಆ ಚೀಟಿಯನ್ನೂ ನಂಬಲಿಲ್ಲ. ಆರು ತಿಂಗಳು ಬೀರುವಿನ ಮೇಲಿಟ್ಟು, ಒಂದು ಭಾನುವಾರ ಬೇಸರಕ್ಕೆಂದು ಕೆಳಗಿಳಿಸಿ ತಂತಿ ಮೀಟಿದ. ಮೈಸೂರಿನಲ್ಲಿ ನಾಲ್ಕು ವರ್ಷ ಮೃದಂಗ ಕಲಿತಿದ್ದ ಕೈ ಅದು, ಸುಮ್ಮನಿರಲಿಲ್ಲ. ಹಾಗೆ ಶುರುವಾದದ್ದು ಅವನನ್ನು ರಿಕ್ಕರ್ಟನ್ ಬಡಾವಣೆಯ ಒಂದು ಹಾಲ್‌ಗೆ ಕರೆದೊಯ್ದಿತು. ಅಲ್ಲಿ ಶನಿವಾರ ಮಧ್ಯಾಹ್ನ ಏಳು ಜನ ಮೊಣಕಾಲಿಗೆ ಮೊಣಕಾಲು ತಾಗುವಂತೆ ದುಂಡಗೆ ಕೂತು ಹಳೆಯ ಕಾಲದ ಮಟ್ಟುಗಳನ್ನು ನುಡಿಸುತ್ತಿದ್ದರು. ಕಲಿಸುವವಳೂ ಮಟ್ಟು ಶುರುಮಾಡುವವಳೂ ನಿವೃತ್ತ ನರ್ಸ್ ಮ್ಯಾರಿಯನ್. ಉಗುರಿನ ಬೆನ್ನಿನಿಂದ ತಂತಿಯನ್ನು ಕೆಳಕ್ಕೆ ಹೊಡೆದು ಹೆಬ್ಬೆರಳಿನಲ್ಲಿ ಗಿಡ್ಡ ತಂತಿ ಮೀಟುವ ಕ್ಲಾಹ್ಯಾಮರ್ ವರಸೆ ಅವನಿಗೆ ಎರಡೇ ತಿಂಗಳಲ್ಲಿ ಒಲಿಯಿತು. ಕೆಲಸ ಮತ್ತು ಮನೆ ಬಿಟ್ಟರೆ ಅವನು ನಾಲ್ಕು ಜನರ ನಡುವೆ ಕೂರುತ್ತಿದ್ದುದು ಅಲ್ಲಿ ಮಾತ್ರ. ಶನಿವಾರಕ್ಕಾಗಿ ಅವನು ಸೋಮವಾರದಿಂದಲೇ ಕಾಯುತ್ತಿದ್ದ, ಆದರೆ ಯಾರಿಗೂ ಹೇಳುತ್ತಿರಲಿಲ್ಲ.

ಗಂಟಲಲ್ಲಿ ಮುಳ್ಳಾದದ್ದು ಒಂದು ಮಟ್ಟು. ಅದರ ಎರಡನೆಯ ಭಾಗದ ಕೊನೆಗೆ ಎಂಟು ಪೆಟ್ಟು ಮುಗಿದು ಆದಿತಾಳದ ಸಮಕ್ಕೆ ಕೈ ಬೀಳಬೇಕಾದಲ್ಲಿ ಇನ್ನೊಂದು ಪೆಟ್ಟು ನುಸುಳುತ್ತಿತ್ತು. ದತ್ತಾತ್ರೇಯ ಸಮಕ್ಕೆ ಬಂದು ಕೂತಾಗ ಉಳಿದವರು ಇನ್ನೂ ಒಂದು ಪೆಟ್ಟು ಹಿಂದೆ, ಹೊಸಿಲಲ್ಲೇ ನಿಂತಿರುತ್ತಿದ್ದರು. ಒಂದು ಪೆಟ್ಟು ಯಾಕೆ ಹೆಚ್ಚು ಎಂದು ಕೇಳಿದ್ದಕ್ಕೆ ಮ್ಯಾರಿಯನ್ "ಇದು ಸೊಟ್ಟ ಮಟ್ಟು, ಇರೋದೇ ಹಾಗೆ" ಎಂದು ನಕ್ಕಳು. ಆ ನಗು ಅವನಿಗೆ ಹಿಡಿಸಲಿಲ್ಲ. ಹೊಸಬನನ್ನು ತಪ್ಪಿಸಲೆಂದೇ ಬೇಕಾದಾಗ ಸೇರಿಸುತ್ತಾರೆಂದು ಬಗೆದು ಗುಟ್ಟಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ಮನೆಯಲ್ಲಿ ಬೆರಳು ಮಡಿಚಿ ಲೆಕ್ಕ ಹಾಕಿದರೆ, ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಅದೇ ಒಂದು ಪೆಟ್ಟು ಹೆಚ್ಚಿತ್ತು. ಹಾಗಾದರೆ ಎಲ್ಲರೂ ಸೇರಿಯೇ ಮಾಡುತ್ತಿದ್ದಾರೆ ಎಂದು ತೀರ್ಮಾನಿಸಿದ!

ಅದಕ್ಕಿಂತ ಉರಿದದ್ದು ಕಾಲಿನ ವಿಷಯ. ಪ್ರತಿ ಮಟ್ಟು ಮುಗಿಯುವ ಮೊದಲು ಮ್ಯಾರಿಯನ್ ಅವನನ್ನೇ ದಿಟ್ಟಿಸಿ, ಬೂಟಿನ ಅಟ್ಟೆ ಕಾಣುವಂತೆ ಕಾಲೆತ್ತುತ್ತಿದ್ದಳು.

"ಮುಖದ ಮುಂದೆ ಕಾಲು ತೋರಿಸ್ತಾಳೆ ಕಣೇ," ಎಂದ ಹೆಂಡತಿ ಇಂದಿರಾಗೆ. "ಎದ್ದು ಹೋಗು ಅಂತ ತಾನೇ ಅರ್ಥ?"

"ಹಾಗಂತ ನೀವೇ ಅಂದ್ಕೋಬೇಡಿ. ಯಾಕೆ ಅಂತ ಕೇಳಿಬಿಡಿ, ರೀ."

"ಕೇಳಿ ಇನ್ನಷ್ಟು ಚಿಕ್ಕವನಾಗ್ಲಾ? ಈ ಶನಿವಾರವೇ ಲಾಸ್ಟು."

ಆ ಶನಿವಾರ ಅವನು ಕೂರುವ ಮೊದಲೇ ಮ್ಯಾರಿಯನ್, "ಇವತ್ತು ಸೊಟ್ಟ ಮಟ್ಟನ್ನು ದತ್ತಾ ಶುರುಮಾಡಲಿ" ಎಂದಳು. ಕಳಿಸುವ ಮೊದಲು ಮಾನ ಕಳೆಯುವ ಏರ್ಪಾಡು ಇದು ಎಂದುಕೊಂಡ. ಹಲ್ಲು ಕಚ್ಚಿ ಶುರುಮಾಡಿದ. ಕಳ್ಳ ರೆಕಾರ್ಡಿಂಗನ್ನು ನೂರಾರು ಸಲ ಕೇಳಿದ್ದರಿಂದ ಹೆಚ್ಚುವರಿ ಪೆಟ್ಟು ತಾನಾಗಿ ಬಂದು ಬಿತ್ತು. ಏಳೂ ಜನ ಕೂಡಿಕೊಂಡರು.

ಐದು ಸುತ್ತಾಯಿತು, ಹತ್ತಾಯಿತು, ಹದಿನೈದಾಯಿತು. ಯಾರೂ ನಿಲ್ಲಿಸಲಿಲ್ಲ. ಎಲ್ಲರ ಕಣ್ಣೂ ಅವನ ಕಾಲಿನ ಮೇಲೆಯೇ. ಬೂಟು ಕೊಳೆಯಾಗಿದೆಯೆಂದೋ, ಅದರ ಲಾಡಿ ಬಿಚ್ಚಿದೆಯೆಂದೋ? ಅವನ ಉಗುರು ಸೀಳಿತು, ಮಣಿಕಟ್ಟು ಬಿಗಿಯಿತು. ಗುಂಪಿನ ಹಿರಿಯ, ಎಂಬತ್ತೊಂದರ ಕೋಲಿನ್ ಪಿಟೀಲು ಉಜ್ಜುತ್ತ ಬೆವರುತ್ತಿದ್ದ. ನನ್ನನ್ನು ಸುಸ್ತು ಮಾಡಿ ಬೀಳಿಸಲು ಹೊರಟಿದ್ದಾರೆ, ನೋಡೇಬಿಡೋಣ ಎಂದು ದತ್ತಾತ್ರೇಯ ಇನ್ನೂ ಗಟ್ಟಿಯಾಗಿ ಹೊಡೆದ.

ಇಪ್ಪತ್ತನೆಯ ಸುತ್ತಿನಲ್ಲಿ ಮ್ಯಾರಿಯನ್ ಕೂಗಿದಳು: "ಸಾಕಾದರೆ ಕಾಲೆತ್ತು, ದತ್ತಾ! ಶುರುಮಾಡಿದವರು ಕಾಲೆತ್ತಿದರೇ ಕೊನೆಯ ಸುತ್ತು ಅಂತ ನಮಗೆ ಗೊತ್ತಾಗೋದು!"

ಅವನ ಕಿವಿ ಕೆಂಪಾಯಿತು. ಅಂದರೆ ಇಷ್ಟು ದಿನ ಅವಳು ತನ್ನನ್ನು ನೋಡಿ ಕಾಲೆತ್ತಿದ್ದು, ಎಲ್ಲರೂ ನಿಲ್ಲಿಸಿದ ಮೇಲೆ ಹೊಸಬ ಒಬ್ಬನೇ ನುಡಿಸುತ್ತ ಉಳಿಯದಿರಲಿ ಎಂದು. ಈಗ ಎತ್ತೋಣವೆಂದರೆ ಎದುರಿಗೇ ಎಂಬತ್ತೊಂದರ ಮುದುಕ. ಕಾಲು ನೆಲ ಬಿಟ್ಟು ಏಳಲೊಲ್ಲದು. ಇನ್ನೆರಡು ಸುತ್ತು ಹಾಗೇ ಕಳೆದವು. ಕೊನೆಗೆ ಕಣ್ಣು ಮುಚ್ಚಿ, ನಾಚಿಕೆಯಿಂದ ಒಂದು ಗೇಣು ಎತ್ತಿದ.

ಆ ಸುತ್ತಿನ ಕೊನೆಯ ಪೆಟ್ಟಿಗೆ ಎಲ್ಲರೂ ಒಟ್ಟಿಗೇ ನಿಂತರು. ಕೋಲಿನ್ ಪಿಟೀಲನ್ನು ತೊಡೆಯ ಮೇಲಿಟ್ಟು ಬೆರಳು ನೀವಿಕೊಳ್ಳತೊಡಗಿದ.

"ಮೊದಲೇ ಯಾಕೆ ನಿಲ್ಲಿಸಲಿಲ್ಲ?" ಎಂದು ದತ್ತಾತ್ರೇಯ ಕೇಳಿದ. ಅವನು ಅಲ್ಲಿ ನೇರವಾಗಿ ಕೇಳಿದ ಎರಡನೆಯ ಪ್ರಶ್ನೆ ಅದು.

"ನಿನಗೆ ಇನ್ನೂ ಬೇಕಾಗಿದೆ ಅಂದುಕೊಂಡೆ," ಎಂದ ಕೋಲಿನ್. "ಬೇಕಾಗಿದ್ದರೆ ನುಡಿಸೋಣ ಅಂತ ನುಡಿಸಿದೆ."

ದತ್ತಾತ್ರೇಯ ಆ ಮುಖದಲ್ಲಿ ಏನಾದರೂ ಕುಹಕವಿದೆಯೇ ಎಂದು ಬಹಳ ಹೊತ್ತು ಹುಡುಕಿದ. ಬೆವರು ಮಾತ್ರ ಇತ್ತು.