ಕಾರಿನ ವರ್ಗಾವಣೆ

ಆ ಸಂದೇಶ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಬಲ್ಲೆ, ಆದರೆ ಅರ್ಥ ತಲೆಗೆ ಹತ್ತುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದು ಹೋಗುತ್ತದೆ. ಹಾಗಾಗಿ ಹಿಟ್ಟಿನ ಕೈಯಲ್ಲೇ ಮೊಬೈಲು ಒತ್ತಿ, ಇದನ್ನು ಕನ್ನಡ ಮಾಡಪ್ಪಾ ಎಂದೆ. ಅದು ಮಾಡಿಯೇಬಿಟ್ಟಿತು: "ದಯವಿಟ್ಟು ವಿಮಾನ ನಿಲ್ದಾಣದಿಂದ ಹೋಟೆಲಿಗೆ ಖಾಸಗಿ ಕಾರು ವರ್ಗಾವಣೆಯನ್ನು ಕಾಯ್ದಿರಿಸಿ."

ನಾನು ಗಟ್ಟಿಯಾಗಿ ಓದಿದೆ. ಪಡಸಾಲೆಯಲ್ಲಿ ನನ್ನ ಗಂಡ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಲಾಳಿ ಎಸೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

"ವರ್ಗಾವಣಿ ಮಾಸ್ತರದು ಆಗ್ತೈತಿ, ಪೊಲೀಸರದು ಆಗ್ತೈತಿ. ಕಾರಿಂದು ಯಾವಾಗಿಂದ ಚಾಲೂ ಆತು?"

ಮೂಲೆಯಲ್ಲಿ ರಾಟಿ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದ ನಮ್ಮ ಅತ್ತೆಗೆ ಮಾತ್ರ ನಿಜಕ್ಕೂ ಕನಿಕರ ಬಂತು. "ಪಾಪ, ಆ ಕಾರಿಗೆ ಎಲ್ಲಿಗೆ ಹಾಕ್ಯಾರಂತ?" ಎಂದರು.

ನಗು ಬಂತು, ಆದರೆ ನಗುವ ಹೊತ್ತಲ್ಲ ಅದು. ಸಂದೇಶ ಕಳಿಸಿದ್ದು ಅಹಮದಾಬಾದಿನ ಒಬ್ಬ ಹೆಣ್ಣುಮಗಳು. ಕೈಮಗ್ಗದ ಸೀರೆಗಳನ್ನಷ್ಟೇ ಮಾರುವ ಅಂಗಡಿ ಅವರದು. ನಾನು ಮೊಬೈಲಿನಲ್ಲಿ ಹಾಕಿದ್ದ ನಮ್ಮ ಪಟ್ಟೆದಂಚು ಸೀರೆಯ ಫೋಟೋ ನೋಡಿ ನಾಲ್ಕು ತಿಂಗಳಿಂದ ಬರೆಯುತ್ತಿದ್ದರು. ಮೈಯೆಲ್ಲ ಚೌಕಡಿ, ದಪ್ಪ ಅಂಚು, ಒಳಗು ಹೊರಗು ಎಂಬ ಭೇದವಿಲ್ಲದೆ ಎರಡೂ ಕಡೆ ಉಡಬಹುದಾದ ಸೀರೆ ಅದು. ಅವರ ಪ್ರಶ್ನೆ ಮಾತ್ರ ಪ್ರತಿಸಲವೂ ಒಂದೇ: ಇದು ಖರೇನ ಕೈಮಗ್ಗದ್ದೇ? ಬೇರೆ ಕಡೆ ಯಾರೋ ಯಂತ್ರದ ಸೀರೆಯನ್ನು ಕೈಮಗ್ಗದ್ದೆಂದು ದಾಟಿಸಿದ್ದರಂತೆ. ಕೊನೆಗೆ, ನಾನೇ ಬಂದು ಕಣ್ಣಾರೆ ನೋಡುತ್ತೇನೆ ಎಂದರು. ಹುಬ್ಬಳ್ಳಿಗೆ ವಿಮಾನದಲ್ಲಿ ಬಂದು, ಗಜೇಂದ್ರಗಡದಲ್ಲಿ ಒಂದೇ ಒಂದು ರಾತ್ರಿ ಇದ್ದು, ಮರುದಿನ ಬೆಳಿಗ್ಗೆ ಹೊರಟುಬಿಡುವುದು ಅವರ ಲೆಕ್ಕಾಚಾರ.

ನಮ್ಮ ಮನೆಯ ಲೆಕ್ಕಾಚಾರ ಬೇರೆಯಿತ್ತು. ಮಗ್ಗಕ್ಕೆ ಉದ್ದಕ್ಕೆ ಬಿಗಿದಿರುವ ಈ ನೂಲಿನ ಹಾಸೇ ಕೊನೆಯದು ಎಂದು ನನ್ನ ಗಂಡ ದೀಪಾವಳಿಯಲ್ಲೇ ಹೇಳಿಬಿಟ್ಟಿದ್ದರು. ಊರ ಮೇಲಿನ ಗುಡ್ಡದಲ್ಲಿ ಗಾಳಿಯಂತ್ರಗಳಿಗೆ ಕಾವಲುಗಾರರು ಬೇಕಾಗಿದ್ದರು. ಅಲ್ಲಿ ಮಾತನಾಡಿ ಬಂದಿದ್ದರು. ಬರುವಾಗ ಕೈಯಲ್ಲಿ ಹೂವಿನ ಚಿತ್ರದ ಒಂದು ಟೈಲ್ಸು ಬೇರೆ. "ಕುಣಿ ಮುಚ್ಚಿ ಇದನ್ನ ಹಾಕಿಸಿದ್ರ ಪಡಸಾಲಿ ದೊಡ್ಡದಾಗ್ತೈತಿ ನೋಡು" ಎಂದು ಕಿಟಕಿಯಲ್ಲಿಟ್ಟರು. ಆ ಟೈಲ್ಸು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆದರೆ ಏನೆಂದು ಜಗಳ ತೆಗೆಯಲಿ? ಮೊಣಕಾಲು ನೋಯುವುದು ಅವರದು, ನೇಯ್ದ ಸೀರೆ ತಿಂಗಳುಗಟ್ಟಲೆ ಟ್ರಂಕಿನಲ್ಲಿ ಉಳಿಯುವುದನ್ನು ನೋಡುವುದೂ ಅವರೇ. ನಾನು ಈ ಮನೆಗೆ ಬಂದ ಮರುದಿನ ಬೆಳಿಗ್ಗೆ ಎಚ್ಚರಾದದ್ದು ಮಗ್ಗದ ಸದ್ದಿಗೆ. ಅದಿಲ್ಲದ ಮನೆಯಲ್ಲಿ ಹೇಗೆ ಏಳುವುದು ಎಂಬುದೇ ನನಗೆ ತಿಳಿಯದು. ಆ ಹೆಣ್ಣುಮಗಳು ಬಂದು ನೋಡಿ ಒಪ್ಪಿದರೆ ಇನ್ನೊಂದು ಹಾಸು ಹಾಕುತ್ತೇನೆ, ಇಲ್ಲವೆಂದರೆ ನೀ ಅಡ್ಡ ಬರಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಹಾಗೆ ಮಾತು ತೆಗೆದುಕೊಂಡವರೇ ಒಂದು ಉಪಕಾರವನ್ನೂ ಮಾಡಿದರು. ಹಾಸು ಮುಗಿಯಲು ಎರಡು ಮೊಳ ಉಳಿದಾಗ ನೇಯುವುದನ್ನು ನಿಲ್ಲಿಸಿದರು. ಬಂದವರು ನೋಡುವಾಗ ಮಗ್ಗ ಖಾಲಿ ಇರಬಾರದಲ್ಲ!

ಇನ್ನು ಕಾರು. ನಮ್ಮೂರಲ್ಲಿ ಸ್ವಂತ ಗಾಡಿ ಇಟ್ಟುಕೊಂಡು ಬಾಡಿಗೆಗೆ ಹೊಡೆಯುವ ಒಬ್ಬ ಹಿರಿಯರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಇಪ್ಪತ್ತು ವರ್ಷದಿಂದ ರೋಣ, ನರಗುಂದ, ಹುಬ್ಬಳ್ಳಿ ದಾರಿಯ ತಗ್ಗುದಿನ್ನೆಗಳನ್ನೆಲ್ಲ ಬಾಯಿಪಾಠ ಮಾಡಿದವರು. ಅವರಿಗೆ ಫೋನು ಹಚ್ಚಿ, ಮುಂಜಾನೆ ವಿಮಾನಕ್ಕೆ ಬರುವ ಬಾಯಿಯವರನ್ನು, ಅಂದರೆ ಆ ಅಹಮದಾಬಾದಿನ ಹೆಣ್ಣುಮಗಳನ್ನು, ಕರೆದುಕೊಂಡು ಬರಬೇಕು ಎಂದೆ.

"ಆತವ್ವಾ. ಎಲ್ಲಿಗೆ ಬಿಡ್ಲಿ?"

"ಮೊದಲ ಹೊಟೇಲಿಗೆ ಕರ್ಕೊಂಡು ಹೋಗ್ರಿ ಕಾಕಾ, ಸ್ವಲ್ಪ ಆರಾಮ ಮಾಡ್ಕೊಳ್ಳಿ. ಆಮ್ಯಾಲೆ ನಮ್ಮನಿಗೆ."

"ಯಾವ ಹೊಟೇಲ್ ಅವ್ವಾ?"

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಕಡೆ ಹೊಟೇಲು ಎಂದರೆ ಚಹಾ, ಮಿರ್ಚಿ ಭಜಿ, ಮಂಡಕ್ಕಿಯ ಗಿರ್ಮಿಟ್ ಸಿಗುವ ಜಾಗ. ಮಲಗುವ ಜಾಗಕ್ಕೆ ಲಾಡ್ಜ್ ಎನ್ನಬೇಕು. ಅದು ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೆ ಒಬ್ಬಳೇ ಬರುವ ಹೆಣ್ಣುಮಗಳನ್ನು ಲಾಡ್ಜಿಗೆ ಬಿಡಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆ ಶಬ್ದಕ್ಕೆ ನಮ್ಮೂರಲ್ಲಿ ಒಂದು ತರಹದ ವಾಸನೆಯಿದೆ. ಅದಕ್ಕೇ ಮೊಬೈಲು ಕಲಿಸಿದ ಮರ್ಯಾದೆಯ ಶಬ್ದವನ್ನೇ ಹಿಡಿದುಕೊಂಡಿದ್ದೆ. ಊರಿಗೆಲ್ಲ ಇರುವುದು ಬಸ್ ನಿಲ್ದಾಣದ ಹಿಂದಿನ ಒಂದೇ ಒಳ್ಳೆಯ ಲಾಡ್ಜು, ಮತ್ತೆ ಯಾವುದು ಎಂದು ಕೇಳುವುದೇನಿದೆ ಎಂದು ಸಿಟ್ಟೂ ಬಂತು.

"ಚಲೋದು, ಸ್ವಚ್ಛ ಇರೋದು ರೀ. ನಿಮಗ ಗೊತ್ತಿಲ್ಲದ ಹೊಟೇಲ್ ಯಾವುದೈತಿ?" ಎಂದು ಫೋನು ಇಟ್ಟೆ.

ಬಂದವರು ಕಾಕಾನನ್ನು ಗುರುತಿಸಬೇಕಲ್ಲ. ಹೆಸರಿನ ಹಲಗೆ ಬರೆಯಲು ನನಗೆ ಧೈರ್ಯ ಬರಲಿಲ್ಲ, ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಗತಿಯೇನು? ಟ್ರಂಕಿನಿಂದ ಒಂದು ಸೀರೆ ತೆಗೆದುಕೊಟ್ಟೆ. ಅಂಚು ಕಾಣುವಂತೆ ಹಿಡಿದು ನಿಲ್ಲಿ ಎಂದೆ. "ಯಾವ ಮಗ್ಗಲ ಮುಂದ ಮಾಡಿ ಹಿಡೀಲಿ?" ಎಂದು ಕಾಕಾ ಕೇಳಿದರು. ಹೇಗೆ ಹಿಡಿದರೂ ಅಷ್ಟೇ ಎಂದೆ.

ಬಾಯಿಯವರು ಬರುವ ದಿನ ನಾನು ಲಾಡ್ಜಿಗೆ ಮುಂಚೆಯೇ ಹೋಗಿ ಕೋಣೆ ನೋಡಿದೆ. ಲಾಡ್ಜಿನವರ ಚಾದರ ತೆಗೆಸಿ ನಮ್ಮ ಮನೆಯ ಕೈಮಗ್ಗದ ಚಾದರ ಹಾಸಿದೆ. ಬಿಸಿನೀರು ಬರುವವರೆಗೂ ನಲ್ಲಿಯ ಮುಂದೆ ನಿಂತೆ. ಮಧ್ಯಾಹ್ನ ಎರಡಕ್ಕೆಲ್ಲ ಬರಬೇಕಿತ್ತು. ಮೆಟ್ಟಿಲ ಮೇಲೆ ಕೂತು ರಸ್ತೆ ನೋಡಿದೆ. ಎರಡಾಯಿತು, ಎರಡೂವರೆಯಾಯಿತು. ಮೊಬೈಲು ಸದ್ದು ಮಾಡಿತು. ತೆರೆದರೆ ಒಂದು ಫೋಟೋ. ಸ್ಟೀಲಿನ ತಟ್ಟೆ, ಅದರಲ್ಲಿ ಎರಡು ಮಿರ್ಚಿ, ಪಕ್ಕದಲ್ಲಿ ಈರುಳ್ಳಿ ಉದುರಿಸಿದ ಗಿರ್ಮಿಟ್. ಕೆಳಗೆ ಮೊಬೈಲು ಮಾಡಿಕೊಟ್ಟ ಕನ್ನಡ: "ಇದು ಹೋಟೆಲ್ ತಾನೇ? ಕೋಣೆಗಳು ಎಲ್ಲಿವೆ?"

ಕಾಕಾಗೆ ಫೋನು ಮಾಡಿದೆ, ಎತ್ತಲಿಲ್ಲ. ಆ ಬಾಯಿಯವರಿಗೇ ಮಾಡಿದೆ. ಧಾರಾವಾಹಿ ನೋಡಿ ಕಲಿತ ನನ್ನ ಹಿಂದಿಯಲ್ಲಿ, ಅದು ಹೊಟೇಲ್ ಅಲ್ಲ, ಅಂದರೆ ಹೊಟೇಲೇ, ಆದರೆ ನಾನು ಹೇಳಿದ ಹೊಟೇಲ್ ಅಲ್ಲ ಎಂದು ಏನೇನೋ ತೊದಲಿದೆ. ಆ ಕಡೆ ಎಣ್ಣೆಯ ಚುರುಚುರು ಸದ್ದು, ಯಾರೋ ಮುದುಕಿಯ ದೊಡ್ಡ ದನಿ. "ರುಕಿಯೇ" ಎಂದು ನನ್ನನ್ನು ತಡೆದವರೇ ಫೋನು ಇಟ್ಟುಬಿಟ್ಟರು. ಸಿಟ್ಟಾಗಿದ್ದಾರೆ ಎಂದುಕೊಂಡೆ. ಅಷ್ಟು ದೂರದಿಂದ ಬಂದವರನ್ನು ರಸ್ತೆಬದಿಯ ಬೆಂಚಿನ ಮೇಲೆ ಕೂರಿಸಿ, ಇದೇ ನಿಮ್ಮ ಹೋಟೆಲು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಹೋಟೆಲೇ ಹೀಗೆ, ಇನ್ನು ಇವರ ಕೈಮಗ್ಗ ಎಂಥದ್ದೋ ಎಂದುಕೊಂಡರೆ ನಮ್ಮ ಕಥೆ ಅಲ್ಲಿಗೆ ಮುಗಿಯಿತು.

ಮೂರೂವರೆಗೆ ಗಂಡನ ಫೋನು ಬಂತು. "ಬಿಸಿಲು ಇಳಿಯಾಕತ್ತೈತಿ. ಇನ್ನ ಬಣ್ಣ ಕಾಣೂದಿಲ್ಲ. ನೇಯ್ದು ಮುಗಿಸಿಬಿಡ್ಲೇನು?"

"ಒಂದು ಎಳಿನೂ ಹಾಕಬ್ಯಾಡ್ರಿ!" ಎಂದು ಕಿರುಚಿದೆ. ಗಲ್ಲಾಪೆಟ್ಟಿಗೆಯ ಮುಂದೆ ತೂಕಡಿಸುತ್ತಿದ್ದ ಲಾಡ್ಜಿನವನು ಎದ್ದು ನಿಂತ.

ಇನ್ನರ್ಧ ತಾಸಿಗೆ ಮತ್ತೆ ಫೋನು. ಈ ಸಲ ಅತ್ತೆ. "ಅವರು ಇಲ್ಲಿ ಬಂದು ಕುಂತಾರ. ನೀ ಅಲ್ಲಿ ಕುಂತು ಏನ ಮಾಡಾಕತ್ತಿ?"

ಓಡಿದೆ. ಬಾಗಿಲಲ್ಲಿ ಕಾಕಾ ನಿಂತಿದ್ದರು. ಹೆಗಲ ಮೇಲೆ ನಾನು ಕೊಟ್ಟ ಸೀರೆ ಮಡಚಿದ್ದು ಮಡಚಿದ ಹಾಗೇ ಇತ್ತು, ಮುಖದಲ್ಲಿ ತಪ್ಪು ಮಾಡಿದ ಕುರುಹೇ ಇರಲಿಲ್ಲ.

"ಏನ್ ಮಾಡಿದ್ರಿ ಕಾಕಾ!"

"ನೀವ ಹೇಳಿದ್ರಲ್ಲವ್ವಾ, ಮೊದಲ ಹೊಟೇಲ್, ಆಮ್ಯಾಲೆ ಮನಿ ಅಂತ. ಚಲೋದು, ಸ್ವಚ್ಛ ಇರೋದು ಅಂದ್ರಿ. ಯಾವಗಲ್ ದಾಟಿದ ಮ್ಯಾಲೆ ಅಜ್ಜಿ ಹೊಟೇಲ್ ಬಿಟ್ರ ಆ ದಾರ್ಯಾಗ ಮತ್ತ ಯಾವುದೈತಿ? ಮಿರ್ಚಿ ಬಿಸೀ ಬಿಸೀ ಇದ್ದೂ."

ಅಲ್ಲಿ ನಡೆದದ್ದನ್ನು ಕಾಕಾ ನಿಂತಲ್ಲೇ ಹೇಳಿದರು. ಬಿಸಿಲಿಗೆ ಕಾರಿನಲ್ಲಿ ಸೀರೆ ಬಿಡಬಾರದೆಂದು ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಿದ್ದಾರೆ. ಮೆಣಸಿನಕಾಯಿ ಸೀಳುತ್ತ ಕೂತಿದ್ದ ಹೊಟೇಲಿನ ಅಜ್ಜಿ ಅಂಚನ್ನು ನೋಡಿದವರೇ ಎದ್ದುಬಂದು, ಇದು ಗಜೇಂದ್ರಗಡದ್ದಲ್ಲೇನು ಎಂದಿದ್ದಾರೆ. ಬಾಯಿಯವರು ಸೀರೆ ನೋಡಲೆಂದೇ ಬಂದವರು ಎಂದು ಗೊತ್ತಾದ ಮೇಲೆ ಅವರನ್ನು ಕೈಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋಗಿ, ಟ್ರಂಕು ತೆರೆದು ತಮ್ಮ ಲಗ್ನದ ಸೀರೆ ತೋರಿಸಿದ್ದಾರೆ. ನಾನು ಫೋನು ಮಾಡಿದ್ದು ಆಗಲೇ. ಅಜ್ಜಿಯ ಮಾತನ್ನು ಹಿಂದಿ ಮಾಡಿ ಹೇಳುವುದರಲ್ಲಿ ಮುಳುಗಿದ್ದ ಕಾಕಾಗೆ ತಮ್ಮ ಫೋನು ಕಾರಿನಲ್ಲೇ ಉಳಿದದ್ದು ನೆನಪಿರಲಿಲ್ಲ.

"ಹತ್ತು ವರ್ಷ ಈ ಮಗ್ಗಲಾ ಉಟ್ಟೆ, ಮಾಸ್ತು. ಹೊಳ್ಳಿಸಿ ಈ ಮಗ್ಗಲಾ ಉಟ್ಟೆ. ಇನ್ನೂ ಗಟ್ಟಿ ಐತಿ ನೋಡು" ಎಂದು ಅಜ್ಜಿ ಸೀರೆಯನ್ನು ಜಗ್ಗಿ ತೋರಿಸಿದ್ದರಂತೆ. ಎರಡೂ ಕಡೆ ಉಡಬಹುದು ಎಂದು ನಾನು ಬರೆದದ್ದನ್ನು ಬಾಯಿಯವರು ಅಲ್ಲಿಯವರೆಗೆ ಮಾರುವವರ ಮಾತೆಂದೇ ತಿಳಿದಿದ್ದರು. ಈಗ ಆ ಹಳೆಯ ಸೀರೆಯನ್ನೇ ನನಗೆ ಕೊಡಿ ಎಂದು ಕೇಳಿದ್ದಾರೆ. ಅಜ್ಜಿ ಒಪ್ಪಬೇಕಲ್ಲ! "ಇದನ್ನ ನಿನಗ ಕೊಟ್ಟು ನಾ ಏನ ಉಡ್ಲಿ? ಅಲ್ಲೇ ನೇಯ್ತಾರ, ಲಗೂ ಹೋಗಿ ಹೊಸಾದು ತಗೋ" ಎಂದು ಅವರನ್ನು ಕಾರಿಗೆ ಹತ್ತಿಸಿ ಕಳಿಸಿದ್ದಾರೆ.

ಲಾಡ್ಜಿನ ಮೆಟ್ಟಿಲ ಮೇಲೆ ನಾನು ಬೆವರುತ್ತಿದ್ದಾಗ ನಮ್ಮ ವ್ಯಾಪಾರವನ್ನು ಮೆಣಸಿನಕಾಯಿ ಸೀಳುವ ಅಜ್ಜಿಯೊಬ್ಬರು ಮಾಡುತ್ತಿದ್ದರು. ಅವರ ಮುಖವನ್ನು ನಾನು ಅಂದಿನವರೆಗೂ ನೋಡಿಯೇ ಇರಲಿಲ್ಲ.

ಒಳಗೆ ಬಾಯಿಯವರು ಕುಣಿಯ ಅಂಚಿನಲ್ಲಿ ನೆಲದ ಮೇಲೆ ಕೂತಿದ್ದರು. ಕಿಟಕಿಯಿಂದ ಬಿಸಿಲು ಇನ್ನೂ ಸ್ವಲ್ಪ ಬೀಳುತ್ತಿತ್ತು. ನನ್ನ ಗಂಡ ನೇಯುತ್ತಿದ್ದರು. ಬಾಯಿಯವರು ಲಾಳಿ ಹೋಗಿಬರುವುದನ್ನೇ ನೋಡಿದರು. ಆಮೇಲೆ, ನಾನೊಮ್ಮೆ ಕೂರಲೇ ಎಂದರು. ಮಗ್ಗವನ್ನು ಬೇರೆಯವರು ಮುಟ್ಟಿದರೆ ನನ್ನ ಗಂಡನಿಗೆ ಆಗುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಮುಟ್ಟಿ ಬೈಸಿಕೊಂಡದ್ದು ಇನ್ನೂ ಮರೆತಿಲ್ಲ. ಆದರೆ ಅವರು ಮೊಣಕಾಲು ಹಿಡಿದುಕೊಂಡು ಮೇಲೆ ಬಂದು ಜಾಗ ಬಿಟ್ಟುಕೊಟ್ಟರು. ಬಾಯಿಯವರು ಕಾಲಹಲಗೆ ತಪ್ಪಾಗಿ ತುಳಿದರು, ಲಾಳಿ ಸಿಕ್ಕಿಕೊಂಡಿತು, ನಾಲ್ಕಾರು ಎಳೆ ಹರಿದವು. ನನ್ನ ಗಂಡ ಬೈಯದೆ ಬಗ್ಗಿ ಎಳೆ ಗಂಟು ಹಾಕಿ, "ಮೊದಲ ಎಡಗಾಲು, ಆಮ್ಯಾಲೆ ಲಾಳಿ" ಎಂದು ಕನ್ನಡದಲ್ಲೇ ಹೇಳಿದರು. ಇನ್ನೊಂದು ಸಲ ತೋರಿಸಿದರು. ಮತ್ತೊಂದು ಸಲ ತೋರಿಸಿದರು. ಕುಣಿ ಮುಚ್ಚಲು ಹೊರಟ ಮನುಷ್ಯ ಹೀಗೆ ಕಲಿಸುತ್ತಾನೆಯೇ ಎಂದು ನನಗೆ ಅನಿಸಿತು, ಕಣ್ಣು ತುಂಬಿ ಬಂತು. ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಮುಂದಿನ ಹಾಸಿನ ಸೀರೆಗಳೆಲ್ಲ ನನಗೇ ಇರಲಿ ಎಂದು ಬಾಯಿಯವರು ಹೇಳಿದ್ದು ಆ ಚಹಾ ಕುಡಿಯುವಾಗ. ಕಾಕಾ ಅದನ್ನು ಕನ್ನಡ ಮಾಡಿದರು. ನಾನು ಗಂಡನ ಮುಖ ನೋಡಿದೆ. ಅವರು ಬಸಿಯಲ್ಲಿದ್ದ ಚಹಾ ಮುಗಿಸಿ, ಬಸಿ ಕೆಳಗಿಟ್ಟು, "ಹಂಗಾರ ನೂಲು ತರ್ಬೇಕು" ಎಂದರು.

ಬಾಯಿಯವರನ್ನು ಲಾಡ್ಜಿಗೆ ನಾನೇ ಕರೆದುಕೊಂಡು ಹೋಗಿ ಬಿಟ್ಟೆ. ಮರುದಿನ ಬೆಳಿಗ್ಗೆ ಹೊರಡುವಾಗ ಅವರು ಅಜ್ಜಿಯ ಮಿರ್ಚಿಯನ್ನು ಹೊಗಳಿದರೇ ಹೊರತು ನನ್ನ ಚಾದರದ ಬಗ್ಗೆ ಚಕಾರವೆತ್ತಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ಈಗ ಮಗ್ಗದ ಮೇಲಿರುವುದು ಅದಾದ ನಂತರದ ಮೂರನೆಯ ಹಾಸು. ಮೊನ್ನೆ ಮತ್ತೆ ಸಂದೇಶ ಬಂತು. ಗಟ್ಟಿಯಾಗಿ ಓದಿದೆ: "ವಿಮಾನ ನಿಲ್ದಾಣದಿಂದ ಹೋಟೆಲಿಗೆ ಖಾಸಗಿ ಕಾರು ವರ್ಗಾವಣೆ ಬೇಕು. ಮೊದಲು ಕೋಣೆಗಳಿಲ್ಲದ ಆ ಹೋಟೆಲಿಗೆ."

ಅತ್ತೆ ನೀರು ಕುಡಿಯಲೆಂದು ಕೊಡದ ಮೇಲಿನ ಮುಚ್ಚಳ ತೆಗೆಯುತ್ತಿದ್ದರು. ಮುಚ್ಚಳ ಎಂದರೆ ಆ ಹೂವಿನ ಟೈಲ್ಸು, ಕಿಟಕಿಯಿಂದ ಅದು ಯಾವಾಗ ಅಲ್ಲಿಗೆ ಬಂತೋ ನಾನೂ ಗಮನಿಸಿರಲಿಲ್ಲ.

"ಆ ಕಾರಿಗೆ ಮತ್ತ ಇಲ್ಲಿಗೇ ಹಾಕ್ಯಾರೇನು?" ಎಂದರು.

"ಹೌದವ್ವಾ" ಎಂದರು ನನ್ನ ಗಂಡ ಕುಣಿಯಿಂದ, ಲಾಳಿ ನಿಲ್ಲಿಸದೆ. "ನನಗೂ ಇಲ್ಲಿಗೇ ಹಾಕ್ಯಾರ."