ಇಂಕು ಹಚ್ಚಿದ ಮೀಸಲು

ನನ್ನದು ಹುಟ್ಟಾ ಅನುಮಾನದ ಬುದ್ಧಿ. ಅಂಗಡಿಯವನು ತಕ್ಕಡಿ ಎತ್ತಿದರೆ ನನ್ನ ಕಣ್ಣು ಜೋಳದ ಮೇಲಿರುವುದಿಲ್ಲ, ಅವನ ಕಿರುಬೆರಳಿನ ಮೇಲಿರುತ್ತದೆ. ಬಸ್ಸಿನಲ್ಲಿ ಯಾರಾದರೂ ಸರಿದು ಜಾಗ ಕೊಟ್ಟರೂ, ಸೀಟು ಒದ್ದೆಯಾಗಿದೆಯೇನೋ ಎಂದು ಮುಟ್ಟಿ ನೋಡಿಯೇ ಕೂರುವವಳು ನಾನು. "ಕಾಮಾಲಿ ಕಣ್ಣಿನಾಕಿ, ನಿನಗ ಕಂಡದ್ದೆಲ್ಲಾ ಹಳದಿ" ಎಂದು ಅವ್ವ ಬಯ್ಯುತ್ತಿದ್ದಳು. ಬಯ್ದರೇನು, ಕಣ್ಣು ಬದಲಾಗುತ್ತದೆಯೇ?

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾವು ಕೊಟ್ಟೂರಿನಲ್ಲಿದ್ದೆವು. ಅಪ್ಪ ನಾನು ಮೂರನೇ ಕ್ಲಾಸಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ನಾನು, ಇಬ್ಬರೇ. ಅವ್ವ ಶೇಂಗಾ ಮಿಲ್ಲಿಗೆ ಕಾಳು ಆರಿಸಲು ಹೋಗುತ್ತಿದ್ದಳು. ಮುರುಕು ಕಾಳು, ಮುದುಡಿದ ಕಾಳು, ಹುಳ ಹಿಡಿದ ಕಾಳು ಬೇರೆ ಮಾಡುವುದು ಅವಳ ಕೆಲಸ. ಊರಂಚಿನಲ್ಲಿ ತಗಡಿನ ಚಾವಣಿಯ ಪ್ರಾರ್ಥನಾ ಮಂದಿರವಿತ್ತು. ಭಾನುವಾರ ಇಪ್ಪತ್ತು ಮನೆಯವರು ಅಲ್ಲಿ ಸೇರುತ್ತಿದ್ದೆವು. ಸಭೆ ನಡೆಸುವ ಪಾದ್ರಿಗಳಿಗೆ ಅಯ್ಯನವರು ಎನ್ನುತ್ತಿದ್ದೆವು, ಅವರ ಹೆಂಡತಿಗೆ ಅಮ್ಮನವರು.

ನಮ್ಮ ಸಭೆಯಲ್ಲಿ ಕಾಣಿಕೆ ಕೊಡುವಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಅದಕ್ಕೇ ಹಿಡಿಗಾಣಿಕೆ ಎಂಬ ಪದ್ಧತಿ. ದಿನಾ ಬೆಳಗ್ಗೆ ಒಲೆ ಹಚ್ಚುವ ಮುಂಚೆ ಒಂದು ಹಿಡಿ ಜೋಳ ದೇವರಿಗೆಂದು ತೆಗೆದಿಡಬೇಕು. ಭಾನುವಾರ ಅದನ್ನು ಒಯ್ದು ಮುಂದೆ ಇಟ್ಟಿರುವ ಚೀಲಕ್ಕೆ ಸುರಿಯಬೇಕು. ಅಷ್ಟೇ. ಅಯ್ಯನವರು ಹೇಳಿದ್ದೂ ಅಷ್ಟೇ. ಆದರೆ ಅವ್ವ ಅದನ್ನು ಹಿಡಿಗಾಣಿಕೆ ಎನ್ನುತ್ತಿರಲಿಲ್ಲ, ಮೀಸಲು ಎನ್ನುತ್ತಿದ್ದಳು. ಸಭೆಗೆ ಸೇರುವ ಮೊದಲು ಅವಳ ತವರಿನಲ್ಲಿ ಊರಮ್ಮನಿಗೆ ಮೀಸಲು ತೆಗೆಯುತ್ತಿದ್ದರಂತೆ. ದೇವರು ಬದಲಾದರೂ ಮಾತು ಬದಲಾಗಲಿಲ್ಲ, ಮಾತಿನ ಜೊತೆ ಅದರ ಕಟ್ಟುಗಳೂ ಹಾಗೇ ಬಂದವು. ಮೀಸಲನ್ನು ಮೈತೊಳೆಯದೆ ಮುಟ್ಟಬಾರದು. ಅದರ ಕಾಳು ಬಾಯಿಗೆ ಹಾಕಿ ನೋಡಬಾರದು. ಎಲ್ಲಕ್ಕಿಂತ ದೊಡ್ಡದು, ಒಮ್ಮೆ ಮೀಸಲಾದದ್ದು ತಿರುಗಿ ಅದೇ ಮನೆಯ ಒಲೆಗೆ ಬರಕೂಡದು. ಅಯ್ಯನವರಿಗೆ ಈ ನೇಮಗಳ ಸುಳಿವೂ ಇರಲಿಲ್ಲ.

ಆ ವರ್ಷ ಮಿಲ್ಲಿನ ಪಾಲುದಾರರು ಜಗಳವಾಡಿ ಬೀಗ ಹಾಕಿದರು. ಇವತ್ತು ತೆಗೆಯುತ್ತಾರೆ, ನಾಳೆ ತೆಗೆಯುತ್ತಾರೆ ಎನ್ನುತ್ತ ಮೂರು ತಿಂಗಳಾಯಿತು. ಅವ್ವ ಅವರಿವರ ಹೊಲದಲ್ಲಿ ಕಳೆ ತೆಗೆದು ಬರುತ್ತಿದ್ದಳು, ಅದೂ ಸಿಕ್ಕ ದಿನ. ರೊಟ್ಟಿ ಹೋಗಿ ಅಂಬಲಿ ಬಂತು, ಅಂಬಲಿಯೂ ದಿನದಿಂದ ದಿನಕ್ಕೆ ತೆಳ್ಳಗಾಯಿತು. ಆದರೂ ಬೆಳಗಾದರೆ ಒಂದು ಹಿಡಿ ಜೋಳ ಮೀಸಲಿನ ಗಡಿಗೆಗೆ ಬೀಳುವುದು ನಿಲ್ಲಲಿಲ್ಲ. ಸಂಜೆಗೆ ನನಗೆ ಬಡಿಸಿ ತಾನು ಗೋಡೆಗೆ ಒರಗಿ ಕೂರುತ್ತಿದ್ದಳು.

"ನೀನು ಉಣ್ಣಲ್ಲೇನು?"

"ನಂದು ಇವತ್ತು ಉಪವಾಸ ಪ್ರಾರ್ಥನಿ ಐತವ್ವ."

ಮೊದಲ ವಾರ ನಂಬಿದೆ. ಎರಡನೇ ವಾರ ಲೆಕ್ಕ ಹಾಕಿದೆ. ಜೋಳದ ಡಬ್ಬಿಯ ತಳ ಕಾಣುವ ದಿನವೇ ಅವ್ವನಿಗೆ ಪ್ರಾರ್ಥನೆ ನೆನಪಾಗುತ್ತಿತ್ತು. ಡಬ್ಬಿ ತುಂಬಿದ ದಿನ ಒಂದೂ ಉಪವಾಸವಿಲ್ಲ. ಅಂದರೆ ದೇವರಿಗೆ ಹೋಗುವ ಹಿಡಿ ಜೋಳ ನೇರವಾಗಿ ಅವ್ವನ ಬಾಯಿಂದಲೇ ಹೋಗುತ್ತಿತ್ತು. ಕುಪ್ಪಸದ ತೋಳು ಸಡಿಲಾಗಿತ್ತು. ನೀರಿನ ಕೊಡ ಎತ್ತುವಾಗ ಒಮ್ಮೆ ಕಣ್ಣು ಕತ್ತಲೆ ಬಂದು ಹೊಸ್ತಿಲ ಮೇಲೆ ಕುಸಿದಳು. ನನಗೆ ಹೆದರಿಕೆಯಾಯಿತು. ಹೆದರಿಕೆಯ ಹಿಂದೆಯೇ ಸಿಟ್ಟು. ಅವ್ವನ ಮೇಲಲ್ಲ, ಆ ಚೀಲದ ಮೇಲೆ.

ಏಕೆಂದರೆ ಆ ಚೀಲದ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವಿತ್ತು. ಭಾನುವಾರ ತುಂಬಿದ ಚೀಲ ಬುಧವಾರದ ಪ್ರಾರ್ಥನೆಗೆ ಹೋಗುವಷ್ಟರಲ್ಲಿ ಕಾಣುತ್ತಿರಲಿಲ್ಲ. ಎಲ್ಲಿ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. "ದೇವ್ರಿಗೆ ಕೊಟ್ಟ ಮ್ಯಾಲೆ ಕೇಳಾಕ ನಾವ್ಯಾರು?" ಎನ್ನುತ್ತಿದ್ದಳು ಅವ್ವ. ದೇವರು ಜೋಳ ತಿನ್ನುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ತಿನ್ನುವವರು ಅಮ್ಮನವರ ಹಿತ್ತಲಿನಲ್ಲಿದ್ದರು, ಏಳು ಕೋಳಿ. ಊರ ಕೋಳಿಗಳೆಲ್ಲ ಎಲುಬು ಬಿಟ್ಟುಕೊಂಡು ತಿಪ್ಪೆ ಕೆದರುತ್ತಿದ್ದರೆ ಅಮ್ಮನವರ ಕೋಳಿಗಳು ಗೌಡಶಾನಿಯರ ಹಾಗೆ ಹೆಜ್ಜೆ ಹಾಕುತ್ತಿದ್ದವು. ನಮ್ಮವ್ವ ಉಪವಾಸ, ಅವರ ಕೋಳಿ ದುಂಡಗೆ. ಇದಕ್ಕಿಂತ ಸಾಕ್ಷಿ ಬೇಕೇ?

ಬೇಕಿತ್ತು. ಅಮ್ಮನವರ ಬಗ್ಗೆ ಕೆಟ್ಟದ್ದನ್ನು ಅವ್ವ ಕಣ್ಣಾರೆ ಕಾಣದೆ ನಂಬುವವಳಲ್ಲ. ಕೋಳಿಯ ಕಾಲಡಿಯಲ್ಲಿ ಅವಳ ಮೀಸಲು ತೋರಿಸಿದರೆ ಹಿಡಿ ತೆಗೆಯುವುದನ್ನು ನಿಲ್ಲಿಸಿ ತಾನು ತಿನ್ನುತ್ತಾಳೆ. ಅದೊಂದೇ ನನ್ನ ಆಸೆ. ಶನಿವಾರ ಅವ್ವ ಹೊಲಕ್ಕೆ ಹೋದಾಗ ಗಡಿಗೆಯಿಂದ ಒಂದು ಹಿಡಿ ಜೋಳ ತೆಗೆದೆ, ಮೈತೊಳೆಯದೆಯೇ. ಶಾಲೆಯ ಇಂಕಿನ ಬಾಟಲಿಯನ್ನು ಚಿಪ್ಪಿಗೆ ಬಗ್ಗಿಸಿ ಅದರಲ್ಲಿ ನೆನೆಸಿ, ಹಳೆ ಪೇಪರಿನ ಮೇಲೆ ಬಿಸಿಲಿಗೆ ಹರಡಿದೆ. ಒಣಗಿದಾಗ ನೀಲಿ ಹರಳಿನಂತಾದವು. ಗಡಿಗೆಯ ತಳಕ್ಕೆ ಹಾಕಿ ಮೇಲೆ ಬಿಳಿ ಜೋಳ ಮುಚ್ಚಿದೆ. ಭಾನುವಾರ ಅವ್ವ ಕಣ್ಣು ಮುಚ್ಚಿಕೊಂಡೇ ಚೀಲಕ್ಕೆ ಸುರಿದಳು. ಅವಳು ಕೊಡುವಾಗ ಯಾವಾಗಲೂ ಕಣ್ಣು ಮುಚ್ಚುತ್ತಿದ್ದಳು. ನಾನು ಮಾತ್ರ ತೆರೆದೇ ಇದ್ದೆ.

ಮಂಗಳವಾರ ಹಾಡಿನ ಪುಸ್ತಕ ಬೇಕೆಂಬ ನೆಪ ಮಾಡಿ ಅಮ್ಮನವರ ಮನೆಗೆ ಹೋದೆ. ಅವರು ಒಳಗೆ ಪುಸ್ತಕ ಹುಡುಕುತ್ತಿದ್ದಾಗ ಹಿತ್ತಲಿಗೆ ನುಗ್ಗಿದೆ. ಕುಕ್ಕರುಗಾಲಲ್ಲಿ ಕೂತು ಕೋಳಿಯ ಬಟ್ಟಲು, ಗೂಡು, ಗೂಡಿನ ಹಿಂದಿನ ಮಣ್ಣು, ಎಲ್ಲ ಕೆದರಿದೆ. ತೌಡು, ಸೊಪ್ಪಿನ ದಂಟು, ಗೆದ್ದಲು. ಒಂದೂ ನೀಲಿ ಕಾಳಿಲ್ಲ.

"ಏನ್ ಹುಡುಕಾಕತ್ತೀಯವ್ವಾ?" ಬೆನ್ನ ಹಿಂದೆ ಅಮ್ಮನವರ ದನಿ.

"ಏನಿಲ್ರಿ ಅಮ್ಮಾರ. ಕೋಳಿ ನೋಡಾಕತ್ತಿದ್ದೆ."

"ತತ್ತಿ ಬೇಕಾಗಿತ್ತೇನು? ತಡಿ, ಎರಡು ಕೊಡ್ತೀನಿ."

ಎರಡು ತತ್ತಿ ಕೊಟ್ಟೇಬಿಟ್ಟರು. ದಾರಿಯುದ್ದಕ್ಕೂ ಯೋಚಿಸಿದೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೇಳದೆಯೇ ತತ್ತಿ ಏಕೆ ಕೊಟ್ಟರು? ಬಾಯಿ ಮುಚ್ಚಿಸಲಿಕ್ಕೇ ಇರಬೇಕು. ಕೋಳಿಗೆ ಹಾಕದಿದ್ದರೆ ಸಂತೆಯಲ್ಲಿ ಮಾರುತ್ತಾರೆ. ಗುರುವಾರ ಸಂತೆಗೆ ಹೋಗಿ ಜೋಳದ ರಾಶಿಗಳಲ್ಲಿ ಕೈಯಾಡಿಸುತ್ತ ತಿರುಗಿದೆ, ಬೈಸಿಕೊಂಡು ಬಂದೆ. ಅವ್ವ ಆ ಎರಡೂ ತತ್ತಿ ಬೇಯಿಸಿ ನನಗೇ ಹಾಕಿದ್ದಳು. ತನಗೆ ಮತ್ತೆ ಪ್ರಾರ್ಥನೆ ಇತ್ತು.

ಶುಕ್ರವಾರ ಮಧ್ಯಾಹ್ನ ಅಮ್ಮನವರೇ ನಮ್ಮ ಮನೆಗೆ ಬಂದರು. ಸೆರಗಿನ ಮರೆಯಲ್ಲಿ ಒಂದು ಗಂಟು.

"ಬರ್ರಿ ಅಮ್ಮಾರ, ಕುಂದರ್ರಿ" ಎಂದು ಅವ್ವ ಚಾಪೆ ಹಾಸಿದಳು.

"ಕುಂದ್ರಾಕ ಹೊತ್ತಿಲ್ಲಕ್ಕಾ. ನಮ್ಮ ತವರಿಂದ ಜೋಳ ಬಂದಿತ್ತು. ನಮ್ಮ ಮನಿಗೆ ಅಷ್ಟು ಬ್ಯಾಡ, ಹುಳ ಬೀಳತೈತಿ. ನಿಮಗ ನಾಕು ಸೇರು ತಂದೀನಿ."

ಅವ್ವ ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ನನಗೆ ತಕ್ಷಣ ಅನುಮಾನ ಬಂತು. ಅಮ್ಮನವರ ತವರು ಹಡಗಲಿ. ಅಲ್ಲಿ ಅವರ ಅಣ್ಣಂದಿರಿಗೆ ಇದ್ದದ್ದು ಮಲ್ಲಿಗೆ ತೋಟ. ಹಬ್ಬಕ್ಕೆ ಹೂವಿನ ಚೆಂಡು ಬರುತ್ತಿದ್ದದ್ದು ನೋಡಿದ್ದೆ, ಜೋಳ ಬಂದದ್ದನ್ನು ಕಂಡಿರಲಿಲ್ಲ. ಸುಳ್ಳು ಹೇಳುತ್ತಿದ್ದಾರೆ. ಯಾಕೆ?

ಅವರು ಹೋದ ಮೇಲೆ ಅವ್ವ ಜೋಳವನ್ನು ಮೊರಕ್ಕೆ ಸುರಿದಳು. ನೋಡುತ್ತೇನೆ, ನೀಲಿ ಕಾಳು. ಅಲ್ಲೊಂದು ಇಲ್ಲೊಂದು, ಬಿಳಿ ಜೋಳದ ನಡುವೆ. ಚೀಲ ಎಲ್ಲಿಗೆ ಹೋಗುತ್ತಿತ್ತೆಂದು ಗೊತ್ತಾಯಿತು. ಇಲ್ಲದವರ ಮನೆಗೆ. ಯಾರಿಗೂ ತಿಳಿಯದ ಹಾಗೆ, ತೆಗೆದುಕೊಳ್ಳುವವರು ತಲೆ ತಗ್ಗಿಸದ ಹಾಗೆ, ತವರಿನ ಹೆಸರು ಹೇಳಿಕೊಂಡು. ಆ ವಾರ ಇಪ್ಪತ್ತು ಮನೆಯಲ್ಲಿ ಎಲ್ಲಕ್ಕಿಂತ ಇಲ್ಲದವರ ಮನೆ ನಮ್ಮದೇ ಆಗಿತ್ತು. ಹಿತ್ತಲಲ್ಲಿ ಮಣ್ಣು ಕೆದರಿದ ನನ್ನ ಬೆರಳುಗಳನ್ನು ಕಡಿದು ಹಾಕಬೇಕೆನಿಸಿತು.

ಅಷ್ಟರಲ್ಲಿ ಅವ್ವನ ಕಣ್ಣಿಗೂ ಬಿತ್ತು. ಮಿಲ್ಲಿನಲ್ಲಿ ಪಳಗಿದ ಕಣ್ಣು, ಬೀಳದೆ ಇರುತ್ತದೆಯೇ? ಒಂದು ನೀಲಿ ಕಾಳನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

"ಇದು ಔಷಧ ಹಚ್ಚಿದ ಬಿತ್ತೋ ಬೀಜ" ಎಂದಳು.

ಬಿತ್ತನೆ ಬೀಜಕ್ಕೆ ಹುಳ ಹತ್ತದಿರಲೆಂದು ವಿಷದ ಔಷಧ ಹಚ್ಚಿರುತ್ತಾರೆ, ಯಾರೂ ತಪ್ಪಿ ತಿನ್ನಬಾರದೆಂದು ಬಣ್ಣ ಹಾಕಿರುತ್ತಾರೆ. ಹಿಂದಿನ ಮುಂಗಾರಿನಲ್ಲಿ ಅಂಥ ಕಾಳು ಹೆಕ್ಕಿ ನಮ್ಮ ಓಣಿಯ ನಾಲ್ಕು ಕೋಳಿ ಸತ್ತಿದ್ದವು. ಅವ್ವನ ಮುಖ ಕಪ್ಪಿಟ್ಟಿತು. ಹುಟ್ಟಿದಂದಿನಿಂದ ಯಾರನ್ನೂ ಅನುಮಾನಿಸದ ಹೆಂಗಸು, ಮೊದಲ ಸಲ ನನ್ನ ಹಾಗೆ ಮಾತಾಡಿದಳು.

"ತವರಿಂದ ಬಂದಿತ್ತಂತ. ಬಿತ್ತಿ ಉಳದದ್ದು ತಂದು ನಮಗ ಕೊಟ್ಟಾಳಲ್ಲ. ಬಡವ್ರ ಹೊಟ್ಟಿ ಅಂದ್ರ ಏನು ತಿಪ್ಪಿ ಅನ್ಕಂಡಾಳೇನು?"

ಮೊರ ಎತ್ತಿಕೊಂಡು ಹೊರಗೆ ಚೆಲ್ಲಲು ಎದ್ದಳು. ಎದ್ದವಳು ಜೋಲಿ ಹೊಡೆದು ಗೋಡೆ ಹಿಡಿದಳು. ಎರಡು ದಿನದಿಂದ ಹೊಟ್ಟೆಯಲ್ಲಿ ಏನೂ ಇರಲಿಲ್ಲ ಅವಳಿಗೆ. ನನ್ನ ಅನುಮಾನದ ರೋಗ ಅವಳಿಗೆ ಅಂಟಿಸಿದ್ದೇ ನಾನು. ಸುಮ್ಮನಿದ್ದರೆ ಜೋಳ ತಿಪ್ಪೆ ಸೇರುತ್ತದೆ, ಅಮ್ಮನವರ ಹೆಸರೂ ಕೆಡುತ್ತದೆ. ನಿಜ ಹೇಳಿದರೆ ಅದು ಮೀಸಲಾಗುತ್ತದೆ, ಅವ್ವ ಅದರ ಒಂದು ಕಾಳೂ ಮುಟ್ಟುವುದಿಲ್ಲ. ಎರಡು ಕಡೆಯೂ ಅವಳಿಗೆ ಉಪವಾಸವೇ.

ಒಂದು ನೀಲಿ ಕಾಳು ತೆಗೆದು ಬಾಯಿಗೆ ಹಾಕಿ ಅಗಿದೆ. ಅವ್ವ ಮೊರ ಬಿಟ್ಟು ನನ್ನ ದವಡೆ ಹಿಡಿದು, ಬೆನ್ನಿಗೆ ಗುದ್ದಿ, "ಉಗುಳು, ಲೇ, ಉಗುಳು" ಎಂದು ಕೂಗಿದಳು.

"ವಿಷ ಅಲ್ಲಬೇ. ಇಂಕು. ನಾನ ಹಚ್ಚೀನಿ" ಎಂದೆ. ನೀಲಿಯಾದ ನಾಲಿಗೆ ತೋರಿಸಿದೆ. ಕೋಳಿಯ ಕತೆ, ತತ್ತಿಯ ಕತೆ, ಸಂತೆಯ ಕತೆ, ಎಲ್ಲ ಒದರಿದೆ. ಹೊಡೆಯುತ್ತಾಳೆಂದುಕೊಂಡೆ. ಹೊಡೆಯಲಿಲ್ಲ. ನೆಲಕ್ಕೆ ಬಿದ್ದ ಕಾಳುಗಳನ್ನು ಒಂದೊಂದಾಗಿ ಮೊರಕ್ಕೆ ಹಾಕತೊಡಗಿದಳು.

"ಅಮ್ಮಾರ ಬಗ್ಗೆ ಎಂಥಾ ಮಾತಾಡಿದೆ ನಾನು" ಎಂದಳು. ಕೊನೆಯ ಕಾಳನ್ನೂ ಹೆಕ್ಕಿ, "ಹಂಗಾರ ಇದು ಮೀಸಲು" ಎಂದು ಬಟ್ಟೆ ಎಳೆದುಕೊಂಡು ಗಂಟು ಕಟ್ಟಲು ಶುರು ಮಾಡಿದಳು. ಭಾನುವಾರ ತಿರುಗಿ ಚೀಲಕ್ಕೆ ಹಾಕಲು.

"ಅವರಾಗೇ ಕೊಟ್ಟಾರಲ್ಲಬೇ. ತಿಂದ್ರ ಏನಾಗತೈತಿ?"

"ಕೊಟ್ಟದ್ದು ತಿರುಗಿ ಇಸ್ಕಂಡ್ರ ಅದು ಕೊಟ್ಟದ್ದಲ್ಲ, ಇಟ್ಟದ್ದು" ಎಂದಳು. ಅವ್ವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ದಿಗಿಲು ಹುಟ್ಟಿಸಿತು. ಸಿಟ್ಟಾದರೆ ಇಳಿಯುತ್ತದೆ, ಇದು ಇಳಿಯುವಂಥದಲ್ಲ.

ಆಗ ನನಗೆ ಹೊಳೆಯಿತು. "ಯವ್ವಾ, ಇದರಾಗ ಇಪ್ಪತ್ತು ಮನಿ ಜೋಳ ಐತಿ. ನಮ್ಮದು ಅಂದ್ರ ನೀಲಿ ಕಾಳಷ್ಟ. ನಮ್ಮದು ಆರಿಸಿ ತೆಗಿ. ಉಳದದ್ದು ಮಂದಿ ಕೊಟ್ಟದ್ದು. ಅದು ನಿನ್ನ ಮೀಸಲಲ್ಲ."

ಗಂಟಿನ ಮೇಲೆ ಅವ್ವನ ಕೈ ನಿಂತಿತು. ತಲೆ ಎತ್ತಿ ನನ್ನ ಮುಖ ನೋಡಿದಳು.

"ನಮ್ಮ ಎಲ್ಲಾ ಕಾಳಿಗೂ ಇಂಕು ಹಚ್ಚಿದ್ದೇನು?"

ನಾನು ಹಚ್ಚಿದ್ದು ಒಂದು ಹಿಡಿಗೆ. ಗಡಿಗೆಯಲ್ಲಿದ್ದದ್ದು ಏಳು ಹಿಡಿ. ಉಳಿದ ಆರು ಬಿಳಿಯಾಗಿಯೇ ಚೀಲ ಸೇರಿದ್ದವು, ಈ ಮೊರದಲ್ಲಿ ಎಷ್ಟಿವೆಯೋ ದೇವರಿಗೇ ಗೊತ್ತು. ಅಲ್ಲಿಯತನಕ ನಾನು ಅವ್ವನಿಗೆ ಸುಳ್ಳು ಹೇಳಿದವಳಲ್ಲ. ಊರ ಮಂದಿಯ ಸುಳ್ಳು ಹಿಡಿಯುವವಳು ನಾನು, ಅವ್ವನ ಮುಂದೆ ನನ್ನ ಬಾಯಿ ಸ್ವಚ್ಛ ಎಂಬ ಜಂಬವಿತ್ತು. ಅವ್ವನಿಗಾಗಿ ಕೊಡಲಿಕ್ಕೆ ಆ ಜಂಬ ಬಿಟ್ಟರೆ ನನ್ನದೆಂದು ಬೇರೆ ಏನೂ ಇರಲಿಲ್ಲ.

"ಎಲ್ಲಾ ಕಾಳಿಗೂ" ಎಂದೆ. "ಆಣಿ ಮಾಡಿ ಹೇಳಲೇನು?"

"ಆಣಿ ಬ್ಯಾಡ. ಹೌದೋ ಅಲ್ಲೋ, ಅಷ್ಟ ಹೇಳು."

"ಹೌದು."

ಅವ್ವ ಮೊರವನ್ನು ಮಡಿಲಿಗೆ ಎಳೆದುಕೊಂಡಳು. ಮಿಲ್ಲಿನ ಬೆರಳುಗಳು, ಟಕಟಕ ಎಂದು ನೀಲಿ ಕಾಳು ಬೇರೆಯಾದವು. ಅವನ್ನೆಲ್ಲ ತಿರುಗಿ ದೇವರ ಗಡಿಗೆಗೆ ಹಾಕಿದಳು. ಉಳಿದದ್ದನ್ನು ನನ್ನ ಕೈಯಲ್ಲೇ ಗಿರಣಿಗೆ ಕಳಿಸಿದಳು. ಹೊತ್ತು ಇಳಿಯುವುದರೊಳಗೆ ಬಿಸಿ ಹಿಟ್ಟು ಬಂತು, ಮರದ ಕೊಣಮಿಗೆಯಲ್ಲಿ ನಾದಿ, ಬಡಿದು, ನಾಲ್ಕು ರೊಟ್ಟಿ ಸುಟ್ಟಳು. ಇಬ್ಬರಿಗೂ ತಟ್ಟೆ ಇಟ್ಟಳು. ಎರಡು ತಟ್ಟೆ ಒಟ್ಟಿಗೆ ಕಂಡು ಎಷ್ಟು ದಿನವಾಗಿತ್ತೋ.

ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದಳು. "ಯಾರ್ಯಾರ ಹಿಡಿ ಇದರಾಗ ಐತೋ ಅವರ ಮನಿ ತುಂಬಿರಲಿ ತಂದಿ" ಎಂದಳು. ತನ್ನ ಹಿಡಿಯೂ ಅದರಲ್ಲಿದೆ ಎಂಬುದು ಗೊತ್ತಿಲ್ಲದೆ ತನ್ನ ಮನೆಗೂ ಹರಸಿಕೊಂಡಳು. ನನಗೆ ಆಮೆನ್ ಎನ್ನಲು ಬಾಯಿ ಬರಲಿಲ್ಲ.

ಅವ್ವ ತಿಂದಳು. ಮೊದಲ ತುತ್ತು ನಿಧಾನ, ಆಮೇಲೆ ಬೇಗ ಬೇಗ, ರೊಟ್ಟಿಗೆ ಹಚ್ಚಿಕೊಂಡ ಖಾರ ಹತ್ತಿ ಕಣ್ಣಲ್ಲಿ ನೀರು ಬಂದರೂ ನಿಲ್ಲಿಸದೆ. ಎರಡು ರೊಟ್ಟಿ ಮುಗಿದವು. ಖಾಲಿ ತಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನ ತಟ್ಟೆಯ ಕಡೆ ನೋಡಿ, ನೋಡಿದ್ದಕ್ಕೆ ನಾಚಿಕೊಂಡಳು.

"ನೀ ಯಾಕ ತಿನ್ನವಲ್ಲಿ?"

ತಟ್ಟೆಯನ್ನು ಅವಳ ಮುಂದೆ ಸರಿಸಿದೆ.

"ನಂಗ ಹಸಿವಿಲ್ಲಬೇ" ಎಂದೆ. ಅದು ಆ ದಿನದ ಎರಡನೇ ಸುಳ್ಳು.