ಅಂಚು ಹೊಲಿದವಳು

ಬಂಗಾರಪೇಟೆ ಹೊರಗಿನ ಆ ಗಾರ್ಮೆಂಟ್ಸಿನಲ್ಲಿ ಅರುಣಕುಮಾರಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಅಂಚಿನ ಅಕ್ಕ’ ಎಂದರೆ ಸಾಕು, ಗೇಟಿನ ವಾಚ್‌ಮನ್ ಕೂಡ ಒಳಗಿನ ಹೊಲಿಗೆ ಮಿಷನ್ನುಗಳ ಲೈನಿನತ್ತ ಕೈ ತೋರಿಸುತ್ತಿದ್ದ. ಅಮೆರಿಕದ ಮಕ್ಕಳು ತೊಟ್ಟು ಮಲಗುವ ಅಂಗಿಗಳು ಅಲ್ಲಿ ತಯಾರಾಗುತ್ತಿದ್ದವು. ತೋಳು, ಕತ್ತು, ಗುಂಡಿ ಎಲ್ಲ ಬೇರೆಯವರ ಪಾಲು. ಕೊನೆಯಲ್ಲಿ ಕೆಳಗಿನ ಅಂಚು ಮಡಚಿ ಹೊಲಿಯುವುದು ಇವಳ ಪಾಲು. ಅಲ್ಲಿ ದುಡಿದ ಅಷ್ಟೂ ವರ್ಷದಲ್ಲಿ ಒಂದು ಇಡೀ ಅಂಗಿಯನ್ನು ತಾನೇ ಹೊಲಿದವಳಲ್ಲ. ಅದನ್ನು ಬೇಸರದಿಂದಲ್ಲ, ಜಂಬದಿಂದಲೇ ಹೇಳಿಕೊಳ್ಳುತ್ತಿದ್ದಳು.

ಹುಟ್ಟಿದ್ದು ಕಾಮಸಮುದ್ರದ ಪಕ್ಕದ ಹಳ್ಳಿಯಲ್ಲಿ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ಕುರಿಯ ಹಿಂದೆ ಕಳಿಸಿದರು. ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಆಟೋ ಓಡಿಸುವ ಕೋದಂಡಪ್ಪನಿಗೆ ಕೊಟ್ಟಾಗ, ಚಿನ್ನದ ಊರಿನ ಸೊಸೆ ಎಂದು ಗೆಳತಿಯರು ರೇಗಿಸಿದ್ದರು. ಬಂದು ನೋಡಿದರೆ ಗಣಿ ಆಗಲೇ ಬಾಗಿಲು ಹಾಕಿತ್ತು, ಗಾಳಿ ಬೀಸಿದರೆ ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಧೂಳು ಅನ್ನದ ತಟ್ಟೆಗೆ ಬೀಳುತ್ತಿತ್ತು. ಚಿನ್ನ ಮುಗಿದುಹೋಗಿದೆ ಎಂದೇ ಅವಳು ಬಹಳ ಕಾಲ ತಿಳಿದಿದ್ದಳು. ಮುಗಿದಿಲ್ಲ, ತೆಗೆಯುವ ಖರ್ಚಿಗೆ ಆಗಿನ ಬೆಲೆ ಸಾಲುತ್ತಿರಲಿಲ್ಲ ಅಷ್ಟೇ ಎಂದು ಹೇಳಿದವಳು ಮಗಳು ಚಂದನ. ಬೆಲೆ ಕಟ್ಟುವವರು ಯಾವ ಊರಿನವರು ಎಂದು ತಾಯಿ ಕೇಳಿದ್ದಳು. ದೂರದವರು ಎಂದಿದ್ದಳು ಮಗಳು.

ಚಂದನ ಬಿ.ಎ. ಓದುತ್ತಿದ್ದಳು. ಆ ವರ್ಷದ ಚಳಿಗಾಲದಲ್ಲಿ ದೂರದವರ ಲೆಕ್ಕ ಇವರ ಮನೆಗೂ ಬಂತು. ಅಮೆರಿಕದ ಸರ್ಕಾರ ನಮ್ಮ ಬಟ್ಟೆಯ ಮೇಲೆ ಸುಂಕ ಏರಿಸಿತಂತೆ. ಮೊದಲು ಓವರ್‌ಟೈಮ್ ನಿಂತಿತು, ಆಮೇಲೆ ಒಂದೊಂದೇ ಲೈನಿನ ದೀಪ ಆರತೊಡಗಿತು. ಅರುಣಕುಮಾರಿ ಮನೆಗೆ ಬಂದವಳೇ ಮುದ್ದೆ ತೊಳಸುತ್ತಿದ್ದಳು. ಹೆಂಡತಿಯ ಮುಖ ನೋಡಿ ಕೋದಂಡಪ್ಪ ಟೀವಿ ಸದ್ದನ್ನೂ ತಗ್ಗಿಸಿಬಿಟ್ಟಿದ್ದ.

ಒಂದು ಭಾನುವಾರ ತಾಯಿ ಹಿತಕಿದ ಬೇಳೆಗೆಂದು ಅವರೆಕಾಳು ಹಿಸುಕುತ್ತಾ ಕೂತಿದ್ದಾಗ, ಮಗಳು ಪರೀಕ್ಷೆಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ವಿದ್ವಾಂಸರು ಕೊಡುವ ವಿವರಣೆಗಳ ಪಾಠ ಅದು. ಯಾರಿಗೆ ಯಾವುದು ಚೆನ್ನಾಗಿ ಬರುತ್ತದೋ ಅದನ್ನು ಮಾಡಿ ಕೊಟ್ಟು ತೆಗೆದುಕೊಂಡರೆ ಎಲ್ಲರಿಗೂ ಲಾಭ ಎನ್ನುವವರು ಒಬ್ಬರು.

“ಬಾಯಲ್ಲಿ ಏಳಾಕೆ ಚೆಂದಾಗದೆ,” ಎಂದಳು ತಾಯಿ.

ಮೊದಲು ನಮ್ಮ ಖಜಾನೆ, ಹೊರಗಿನ ಸರಕಿಗೆ ಸುಂಕ ಹಾಕು ಎನ್ನುವವರು ಇನ್ನೊಬ್ಬರು.

“ಇವ್ನೇ ನೋಡು ನಮ್ ಲೈನಿನ ದೀಪ ಆರ್ಸಿದೋನು!”

ಮೂರನೆಯವರ ಪ್ರಕಾರ ಪ್ರಪಂಚದಲ್ಲಿ ನಡುವಿನ ದೇಶಗಳಿವೆ, ಅಂಚಿನ ದೇಶಗಳಿವೆ. ನಡುವಿನವರು ಬಾಳುವುದೇ ಅಂಚಿನವರ ದುಡಿಮೆಯಿಂದ.

ಅರುಣಕುಮಾರಿಯ ಕೈ ನಿಂತಿತು. “ಅಂಚು ಅಂದ್ಯಾ? ಅಂಚು ಅಂತಾನೇ ಬರ್ದವ್ರಾ?”

“ಹೂಂ ಅಮ್ಮ.”

“ಅಂಗಾರೆ ನಾವು ಬದುಕ್ಕೊಂಡ್ವಿ ಕಣೆ! ಅಂಚು ಒಲೀದೇ ಬಿಟ್ರೆ ಬಟ್ಟೆ ಎಳೆಎಳೆಯಾಗಿ ಬಿಚ್ಕೊಂಡೋಯ್ತದೆ. ನಮ್ಮನ್ನ ಬಿಟ್ಟು ಎಲ್ಲಿಗೋಗ್ತಾರೆ ಅವ್ರು?” ಎಂದು ನಕ್ಕಳು. ಎಷ್ಟೋ ವಾರಗಳ ಮೇಲೆ ಬಂದ ನಗು ಅದು. ಚಂದನ ಏನೋ ಹೇಳಲು ಬಾಯಿ ತೆರೆದು, ಪುಟ ಮಗುಚಿ, ತಾನೂ ನಕ್ಕಳು. ಆ ದಿನ ಸಾರು ಬಹಳ ರುಚಿಯಾಗಿತ್ತು.

ಸೋಮವಾರ ಸೂಪರ್‌ವೈಸರ್ ಬಂದು ಮಾಲೂರಿನ ಕಡೆ ಇನ್ನೊಂದು ಕಾರ್ಖಾನೆಯ ಸುದ್ದಿ ಹೇಳಿದ. ಅಲ್ಲಿ ನಮ್ಮ ದೇಶದ ಅಂಗಡಿಗಳಿಗೇ ಹೊಲಿಯುವುದು, ಸುಂಕದ ಗೊಡವೆಯಿಲ್ಲ. ಸಂಬಳ ಸ್ವಲ್ಪ ಕಡಿಮೆ, ಓಡಾಟ ಜಾಸ್ತಿ. ಹೋಗುವವರು ಆ ವಾರವೇ ಹೆಸರು ಕೊಡಬೇಕಿತ್ತು.

ಪಕ್ಕದ ಮಿಷನ್ನಿನ ರಾಧಾಮಣಿ ಊಟದ ಡಬ್ಬಿ ಹಿಡಿದು ಬಂದು ಕೂತಳು. ಗಂಡ ಬಿಟ್ಟುಹೋದವಳು, ಚಿಕ್ಕ ಮಗಳೊಂದಿಗೆ ಊರಿಗಾಂನಲ್ಲಿ ಗಣಿ ಕೂಲಿಗಳ ಹಳೆಯ ಸಾಲುಮನೆಯೊಂದರಲ್ಲಿದ್ದಳು. “ಅಕ್ಕಾ, ನಾನ್ ಓಗ್ಲಾ, ಇಲ್ಲೇ ಇರ್ಲಾ? ನೀನ್ ಏಳಿದಂಗೆ ಮಾಡ್ತೀನಿ.”

ಅರುಣಕುಮಾರಿಗೆ ಭಾನುವಾರದ ಪಾಠ ಬಾಯಲ್ಲೇ ಇತ್ತು. “ಸುಮ್ನಿರಮ್ಮ, ಎಲ್ಲೂ ಓಗ್ಬೇಡ. ಪುಸ್ತಕದಾಗೇ ಬರ್ದವ್ರೆ, ನಮ್ಮ ಚಂದು ಓದಿದ್ಲು. ಅಂಚಿನೋರಿಲ್ದೆ ಅವ್ರ ಕೆಲ್ಸ ನಡಿಯಾಕಿಲ್ಲ.”

ಪುಸ್ತಕ ಎಂದ ಮೇಲೆ ರಾಧಾಮಣಿಗೆ ಅಷ್ಟು ಸಾಕಾಯಿತು. “ಸರಿ ಅಕ್ಕಾ,” ಎಂದು ತನ್ನ ಡಬ್ಬಿಯ ಮೀನಿನ ತುಂಡೊಂದನ್ನು ಇವಳ ಅನ್ನಕ್ಕೆ ಹಾಕಿದಳು. ಇಬ್ಬರೂ ಹೆಸರು ಕೊಡಲಿಲ್ಲ.

ಶಿವರಾತ್ರಿ ಕಳೆಯುವ ಹೊತ್ತಿಗೆ ಗೇಟಿಗೆ ಬೀಗ ಬಿತ್ತು. ಆರ್ಡರೆಲ್ಲ ವಿಯೆಟ್ನಾಮಿಗೆ ಹೋಯಿತಂತೆ. ಅಲ್ಲಿಯೂ ಯಾವಳೋ ಒಬ್ಬಳು ಅದೇ ಅಂಗಿಗಳ ಅಂಚು ಮಡಚುತ್ತಿರಬೇಕು. ಬಟ್ಟೆ ಎಲ್ಲಿಯೂ ಬಿಚ್ಚಿಕೊಳ್ಳಲಿಲ್ಲ. ಮಾಲೂರಿಗೆ ಓಡಿದರೆ ಅಲ್ಲಿ ಜನ ಭರ್ತಿಯಾಗಿದ್ದರು. ಅರುಣಕುಮಾರಿಗೆ ಗಂಡನ ಆಟೋ ಇತ್ತು, ಹೇಗೋ ಒಲೆ ಉರಿಯಿತು. ರಾಧಾಮಣಿಗೆ ಹಾಗೆ ದುಡಿದು ಹಾಕುವವರು ಯಾರೂ ಇರಲಿಲ್ಲ. ಮಗುವನ್ನು ತಮಿಳುನಾಡಿನಲ್ಲಿದ್ದ ಅದರ ಅಜ್ಜಿಯ ಹತ್ತಿರ ಬಿಟ್ಟು, ಬೆಂಗಳೂರಿನಲ್ಲಿ ಯಾರದೋ ಮನೆಯ ಮಗುವನ್ನು ನೋಡಿಕೊಳ್ಳಲು ಸೇರಿದಳು.

ಮೊನ್ನೆ ಬಂಗಾರಪೇಟೆ ಪ್ಲಾಟ್‌ಫಾರಮ್ಮಿನಲ್ಲಿ ಅವಳು ಕಾಣಿಸಿದಳು. ಅರುಣಕುಮಾರಿ ಕೈಯೆತ್ತಿ ಕೂಗಿದಳು. ರಾಧಾಮಣಿ ಇವಳನ್ನು ಚೆನ್ನಾಗಿಯೇ ನೋಡಿ, ಬ್ಯಾಗು ಎತ್ತಿಕೊಂಡು ಬೇರೆ ಬೋಗಿಯ ಕಡೆ ನಡೆದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅರುಣಕುಮಾರಿ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಅತ್ತಳು.

ಮನೆಗೆ ಬಂದವಳೇ ಮಗಳ ಮುಂದೆ ನಿಂತಳು. “ನಿಜ ಏಳು ಚಂದೂ. ನಾನಂದಂಗೇ ಇತ್ತಾ ಪುಸ್ತಕದಾಗೆ?”

ಚಂದನ ತಲೆ ತಗ್ಗಿಸಿದಳು. “ಇಲ್ಲಮ್ಮ. ಒಂದು ಅಂಚು ಬೇಡ ಅಂದ್ರೆ ಅವ್ರು ಇನ್ನೊಂದನ್ನ ಹುಡುಕ್ಕೋತಾರೆ ಅಂತಿತ್ತು, ಮುಂದಿನ ಪುಟದಲ್ಲಿ.”

“ಅವತ್ತೇ ಯಾಕೆ ಏಳ್ಲಿಲ್ಲ?”

“ನೀನು ನಗ್ತಿದ್ದೆ ಅಮ್ಮ.”

ತಾಯಿ ಗೋಡೆಗೊರಗಿ ಕೂತಳು. ಮಗಳ ಮೇಲೆ ಸಿಟ್ಟು ಬರಲಿಲ್ಲ, ಬರಬೇಕಿತ್ತು ಎನಿಸಿತು.

“ಪರೀಕ್ಷೆಯಾಗೆ ಏನ್ ಬರ್ದೆ?”

“ಪುಸ್ತಕದಲ್ಲಿ ಇದ್ದದ್ದೇ.”

“ಒಳ್ಳೇದಾಯ್ತು,” ಎಂದಳು ಅರುಣಕುಮಾರಿ. ಸೆರಗಿನಿಂದ ಮುಖ ಒರೆಸಿಕೊಂಡು, “ರಾಧಾಮಣಿಗೂ ನಾನ್ ಅದನ್ನೇ ಏಳ್ಬೇಕಾಗಿತ್ತು ಕಣೆ,” ಎಂದಳು.